ಮನೆಗೆ ನಾಯಿಮರಿ ಬಂತು, ಈಗೇನು?

2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬೀದಿನಾಯಿಗಳ ಬಗ್ಗೆ ಎರಡು ಆದೇಶ ಕೊಟ್ಟಿತು. ದೆಹಲಿ ಮತ್ತು ಅದರ ಸುತ್ತಮುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಸಾಗಿಸಿ ಎಂದದ್ದು 11ರ ಆದೇಶ. ಅದಕ್ಕೆ ದೊಡ್ಡ ಗಲಾಟೆಯಾಯಿತು. 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿತು. ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ, ರೇಬೀಸ್ ಇರುವ ಮತ್ತು ಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಬೇಡಿ ಎಂದಿತು. ಇಷ್ಟವಿದ್ದವರು ಪಾಲಿಕೆಗೆ ಅರ್ಜಿ ಹಾಕಿ ಬೀದಿನಾಯಿಯನ್ನು ದತ್ತು ಪಡೆಯಬಹುದು ಎಂಬ ಮಾತೂ ಅದರಲ್ಲೇ ಇತ್ತು. ಒಂದು ಷರತ್ತು: ಹಾಗೆ ತಂದ ನಾಯಿ ಮತ್ತೆ ಬೀದಿಗೆ ಬರಕೂಡದು.

ಆ ಷರತ್ತು ಓದಲು ಸಣ್ಣದು, ಪಾಲಿಸಲು ದೊಡ್ಡದು. ನಾಯಿಮರಿ ತರುವ ದಿನ ಮನೆಯಲ್ಲಿ ಹಬ್ಬ. ಹದಿನೈದು ದಿನ ಕಳೆಯುವಷ್ಟರಲ್ಲಿ ಸೋಫಾದ ಮೂಲೆ ಹರಿದಿರುತ್ತದೆ, ಮಗುವಿನ ಕೈಮೇಲೆ ಹಲ್ಲಿನ ಗೆರೆ ಎದ್ದಿರುತ್ತದೆ, ಕೆಳಗಿನ ಮನೆಯವರು ಬೊಗಳುವ ಸದ್ದಿನ ಬಗ್ಗೆ ದೂರು ಕೊಟ್ಟಿರುತ್ತಾರೆ. ಬೀದಿಯಿಂದ ತಂದ ಮರಿಯಾಗಲಿ, ದುಡ್ಡು ಕೊಟ್ಟು ತಂದ ಲ್ಯಾಬ್ರಡಾರ್ ಆಗಲಿ, ಕತೆ ಇದೇ. ಇದರಲ್ಲಿ ಬಹುಪಾಲು ನಾಯಿಯ ಕೆಟ್ಟತನ ಅಲ್ಲವೇ ಅಲ್ಲ. ನಾಯಿ ಹೇಗೆ ಕಲಿಯುತ್ತದೆ ಎಂಬುದು ಗೊತ್ತಾದರೆ ಅರ್ಧ ತಲೆನೋವು ಅಲ್ಲಿಗೇ ಇಳಿಯುತ್ತದೆ.

ನಾಯಿ ಕಲಿಯುವ ಎರಡು ದಾರಿ

ಒಂದನೆಯದು, ಒಂದರ ಹಿಂದೆ ಇನ್ನೊಂದು ಬರುತ್ತದೆ ಎಂದು ಜೋಡಿಸಿಕೊಳ್ಳುವುದು. ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೊವ್ ನಾಯಿಗಳ ಜೀರ್ಣಕ್ರಿಯೆಯನ್ನು ಅಭ್ಯಾಸ ಮಾಡುತ್ತಿದ್ದರು. ಆ ಕೆಲಸಕ್ಕೆ ಅವರಿಗೆ 1904ರಲ್ಲಿ ನೊಬೆಲ್ ಬಂತು. ಆದರೆ ಅವರ ಹೆಸರು ಉಳಿದದ್ದು ಬೇರೆಯದಕ್ಕೆ. ಊಟ ಬಾಯಿಗೆ ಬೀಳುವ ಮೊದಲೇ, ಊಟ ಬರುವ ಸೂಚನೆಗೇ ನಾಯಿಗಳ ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು. ನಿಮ್ಮ ಮನೆಯಲ್ಲೂ ಇದು ದಿನಾ ನಡೆಯುತ್ತದೆ. ಲೀಶ್ ತೆಗೆದ ಸದ್ದಿಗೆ ನಾಯಿ ಕುಣಿಯುತ್ತದೆ. ಆಸ್ಪತ್ರೆಯ ಬಾಗಿಲಲ್ಲೇ ನಡುಗುತ್ತದೆ. ಇದನ್ನು ಯಾರೂ ಕೂತು ಕಲಿಸಿಲ್ಲ. ಭಯ, ಖುಷಿ, ಆಸೆ ಎಲ್ಲವೂ ಹೀಗೇ ಅಂಟಿಕೊಳ್ಳುತ್ತವೆ.

ಎರಡನೆಯದು, ಮಾಡಿದ ಕೆಲಸಕ್ಕೆ ಸಿಕ್ಕ ಫಲದಿಂದ ಕಲಿಯುವುದು. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರ ಹೊತ್ತಿಗೆ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಇದನ್ನು ತೋರಿಸಿದರು. ಬೆಕ್ಕು ಪರದಾಡುತ್ತಾ ಹೇಗೋ ಅಗಳಿ ತೆಗೆದು ಹೊರಬಂದರೆ ತಿನ್ನಲು ಸಿಗುತ್ತಿತ್ತು. ಸಾರಿ ಸಾರಿಗೂ ಪರದಾಟ ಕಡಿಮೆಯಾಗಿ, ಅಗಳಿ ಬೇಗ ತೆರೆಯುತ್ತಿತ್ತು. ಲಾಭ ತಂದದ್ದು ಮತ್ತೆ ಮತ್ತೆ ನಡೆಯುತ್ತದೆ, ಏನೂ ತರದಿದ್ದದ್ದು ನಿಧಾನಕ್ಕೆ ನಿಂತುಹೋಗುತ್ತದೆ. ನಾಯಿಗೂ ಇದೇ ಲೆಕ್ಕ.

ತೊಡಕಿರುವುದು ಲಾಭ ಯಾವುದು ಎನ್ನುವಲ್ಲಿ. ಸಂಜೆ ಮನೆಗೆ ಬಂದಾಗ ನಾಯಿ ಮೈಮೇಲೆ ಹಾರುತ್ತದೆ. ನೀವು ‘ಇಳಿ, ಇಳಿ’ ಎಂದು ಎರಡೂ ಕೈಯಲ್ಲಿ ತಳ್ಳುತ್ತೀರಿ. ನಿಮ್ಮ ಲೆಕ್ಕದಲ್ಲಿ ಅದು ಬೈಗುಳ. ನಾಯಿಯ ಲೆಕ್ಕದಲ್ಲಿ? ಇಡೀ ದಿನ ಕಾದವರು ಬಂದರು, ಮುಟ್ಟಿದರು, ಮಾತಾಡಿದರು, ಕುಸ್ತಿಯಾಡಿದರು. ಇದಕ್ಕಿಂತ ಒಳ್ಳೆ ಸಂಬಳ ಯಾವುದಿದೆ! ನಾಳೆ ಇನ್ನೂ ಎತ್ತರಕ್ಕೆ ಹಾರುತ್ತದೆ. ಮುಖ ತಿರುಗಿಸಿ ಸುಮ್ನೆ ನಿಂತು, ನಾಲ್ಕೂ ಕಾಲು ನೆಲಕ್ಕೆ ತಾಗಿದ ಕ್ಷಣ ಬಗ್ಗಿ ಮಾತಾಡಿಸಿದರೆ ಲೆಕ್ಕ ತಿರುಗುತ್ತದೆ. ಆದರೆ ಮನೆಯಲ್ಲಿ ಎಲ್ಲರೂ ಹಾಗೆ ಮಾಡಬೇಕು. ಇದೇ ಕಷ್ಟದ ಭಾಗ.

ಕಷ್ಟ ಯಾಕೆ ಎಂದರೆ, ಹತ್ತು ಸಲದಲ್ಲಿ ಒಮ್ಮೆ ಸಿಗುವ ಲಾಭ, ಪ್ರತಿ ಸಲ ಸಿಗುವ ಲಾಭಕ್ಕಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಲಾಟರಿ ಹುಚ್ಚು ಹಿಡಿದವರನ್ನು ನೋಡಿದ್ದೀರಲ್ಲ, ಪ್ರತಿ ವಾರ ಸೋತರೂ ಬಿಡುವುದಿಲ್ಲ, ಯಾಕೆಂದರೆ ಯಾವತ್ತೋ ಒಮ್ಮೆ ಹೊಡೆದಿತ್ತು. ಊಟಕ್ಕೆ ಕೂತಾಗ ಪಕ್ಕದಲ್ಲಿ ಕುಂಯ್‌ಗುಡುವ ನಾಯಿಯ ಸ್ಥಿತಿಯೂ ಅದೇ. ಅಪ್ಪ ಕೊಡುವುದಿಲ್ಲ, ಅಮ್ಮ ಕೊಡುವುದಿಲ್ಲ, ಅಜ್ಜಿ ಮಾತ್ರ ವಾರಕ್ಕೊಮ್ಮೆ ‘ಪಾಪ’ ಎಂದು ದೋಸೆಯ ಚೂರು ಹಾಕುತ್ತಾರೆ. ಅಷ್ಟು ಸಾಕು, ಆ ಕುಂಯ್‌ಗುಡುವಿಕೆ ವರ್ಷಗಟ್ಟಲೆ ನಡೆಯುತ್ತದೆ. ಅಜ್ಜಿಗೆ ‘ಕೊಡಬೇಡಿ’ ಎಂದು ಹೇಳಿ ಗೆದ್ದವರು ಕಡಿಮೆ. ಅದರ ಬದಲು ಊಟದ ಹೊತ್ತಿಗೆ ನಾಯಿಗೆ ಬೇರೆ ಕಡೆ ಚಾಪೆ ಹಾಕಿ, ಅಲ್ಲಿ ಸುಮ್ಮನೆ ಮಲಗಿದ್ದರೆ ಅಜ್ಜಿಯೇ ಎದ್ದು ಹೋಗಿ ಕೊಡಲಿ. ಕೊಡುವವರಿಗೂ ಸಮಾಧಾನ, ನಾಯಿಗೂ ಚಾಪೆಯೇ ಲಾಭದ ಜಾಗ.

‘ಕೂತ್ಕೋ’ ಕಲಿಸುವುದು

ಬೇಕಾದದ್ದು ಕಡಲೆಕಾಳಿನಷ್ಟು ಸಣ್ಣ ಚೂರುಗಳು. ಬೇಯಿಸಿದ ಕೋಳಿ, ಮನೆಯಲ್ಲಿ ಮಾಂಸ ಮಾಡದಿದ್ದರೆ ಪನ್ನೀರು. ಚೂರನ್ನು ನಾಯಿಯ ಮೂಗಿನ ಹತ್ತಿರ ಹಿಡಿದು ನಿಧಾನಕ್ಕೆ ತಲೆಯ ಮೇಲೆ ಹಿಂದಕ್ಕೆ ಒಯ್ಯಿರಿ. ಮೂಗು ಮೇಲೆದ್ದರೆ ಹಿಂಭಾಗ ತಾನಾಗಿ ನೆಲಕ್ಕೆ ಇಳಿಯುತ್ತದೆ. ಇಳಿದ ಕ್ಷಣ ‘ಹಾಂ!’ ಎಂದು ಹೇಳಿ ಚೂರು ಕೊಡಿ. ಬೆನ್ನು ಒತ್ತಿ ಕೂರಿಸಬೇಡಿ. ಒತ್ತಿದರೆ ನಾಯಿ ಕಲಿಯುವುದು ಒತ್ತಡ ತಡೆದು ನಿಲ್ಲುವುದನ್ನು.

ಆ ‘ಹಾಂ’ ಯಾಕೆ? ಚೂರು ಕೈಯಿಂದ ಬಾಯಿಗೆ ಹೋಗುವಷ್ಟರಲ್ಲಿ ನಾಯಿ ಎದ್ದಿರಬಹುದು. ಆಗ ಅದಕ್ಕೆ ಎದ್ದದ್ದಕ್ಕೇ ಬಹುಮಾನ ಸಿಕ್ಕಂತೆ. ಹೊತ್ತು ಒಂದೆರಡು ಸೆಕೆಂಡು ದಾಟಿದರೆ ಯಾವುದಕ್ಕೆ ಸಿಕ್ಕಿತು ಎಂಬುದು ನಾಯಿಗೆ ಕಲಸಿಹೋಗುತ್ತದೆ. ‘ಇದೇ, ಇದಕ್ಕೇ ಕೊಡುತ್ತಿದ್ದೇನೆ’ ಎಂದು ಗುರುತು ಹಾಕಲು ಒಂದು ಚಿಕ್ಕ ಸದ್ದು ಬೇಕು. ಟ್ರೇನರ್‌ಗಳು ಟಕ್ ಎನ್ನುವ ಪುಟ್ಟ ಕ್ಲಿಕ್ಕರ್ ಬಳಸುವುದು ಇದಕ್ಕೇ. ಬಾಯಿಮಾತಾದರೂ ಆದೀತು, ಪ್ರತಿ ಸಲ ಅದೇ ಇರಬೇಕು ಅಷ್ಟೇ.

ನಾಯಿ ಕೈ ಹಿಂಬಾಲಿಸಿ ಸಲೀಸಾಗಿ ಕೂರಲು ಶುರುಮಾಡಿದ ಮೇಲೆ ಮಾತು ಸೇರಿಸಿ. ‘ಕೂತ್ಕೋ’ ಆಗಲಿ, ‘ಸಿಟ್’ ಆಗಲಿ, ಭಾಷೆ ಯಾವುದಾದರೂ ನಡೆಯುತ್ತದೆ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರೆ ಮಾತ್ರ ನಡೆಯುವುದಿಲ್ಲ. ‘ಸಿಟ್ ಸಿಟ್ ಸಿಟ್ ಕೂತ್ಕೊಳೋ’ ಎಂದು ಒಂದೇ ಉಸಿರಿಗೆ ಹೇಳಿದರೆ, ನಾಲ್ಕನೆಯ ಸಲ ಹೇಳುವವರೆಗೆ ಕೂರಬೇಕಾಗಿಲ್ಲ ಎಂದು ನಾಯಿ ತಿಳಿಯುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ಆಶ್ಚರ್ಯ ತರುತ್ತದೆ. ಹಾಲ್‌ನಲ್ಲಿ ಚೆನ್ನಾಗಿ ಕೂರುವ ನಾಯಿ ರಸ್ತೆಯಲ್ಲಿ ‘ಕೂತ್ಕೋ’ ಎಂದರೆ ಮಿಕಿಮಿಕಿ ನೋಡುತ್ತದೆ. ಹಟ ಅಲ್ಲ. ಕಲಿತದ್ದನ್ನು ಹೊಸ ಜಾಗಕ್ಕೆ ಒಯ್ಯುವುದು ನಾಯಿಗೆ ನಮ್ಮಷ್ಟು ಸುಲಭವಲ್ಲ. ಮೆಟ್ಟಿಲು, ಗೇಟು, ಪಾರ್ಕು, ಪ್ರತಿ ಕಡೆಯೂ ಸ್ವಲ್ಪ ಸ್ವಲ್ಪ ಹೊಸದಾಗಿ ಹೇಳಿಕೊಡಬೇಕು.

‘ಬಾ’ ಎಂಬ ಮಾತಿಗೆ ಬೇರೆ ಕಟ್ಟುಪಾಡು. ಬೈಯಲು, ಸ್ನಾನ ಮಾಡಿಸಲು, ಮಾತ್ರೆ ನುಂಗಿಸಲು ಎಂದೂ ‘ಬಾ’ ಎಂದು ಕರೆಯಬೇಡಿ. ನೀವೇ ಹೋಗಿ ಹಿಡಿದುಕೊಳ್ಳಿ. ಗೇಟು ದಾಟಿ ರಸ್ತೆಗೆ ಓಡಿದ ದಿನ ಆ ಮಾತೊಂದೇ ನಾಯಿಯ ಜೀವ ಉಳಿಸಬೇಕಾಗಿ ಬರಬಹುದು. ಅದಕ್ಕೆ ಕಹಿ ಅಂಟಿಸಬಾರದು.

ಲಸಿಕೆ ಮುಗಿಯುವವರೆಗೆ ಹೊರಗೆ ಒಯ್ಯಬಾರದಾ?

ಹೊಸಬರನ್ನು ಹೆಚ್ಚು ಗೊಂದಲಕ್ಕೆ ಕೆಡವುವ ಪ್ರಶ್ನೆ ಇದು. ಎರಡು ಕಡೆಯಿಂದ ಎರಡು ಸಲಹೆ ಬರುತ್ತವೆ, ಎರಡೂ ಸರಿಯೇ.

ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಹಲವು ವರ್ಷ ನಾಯಿಮರಿಗಳನ್ನು ಸಾಕಿ ಅಭ್ಯಾಸ ಮಾಡಿದರು. ಹುಟ್ಟಿದ ಸುಮಾರು ಮೂರನೆಯ ವಾರದಿಂದ ಹನ್ನೆರಡು, ಹದಿನಾಲ್ಕನೆಯ ವಾರದವರೆಗೆ ಮರಿಗೆ ಒಂದು ವಿಶೇಷ ಅವಧಿ ಇದೆ ಎಂದು ಅವರ ಕೆಲಸ ತೋರಿಸಿತು. ಆಗ ಕಂಡದ್ದು, ಕೇಳಿದ್ದು, ಮುಟ್ಟಿದ್ದು ಎಲ್ಲ ಸಹಜ ಅನ್ನಿಸುತ್ತದೆ. ಆ ಅವಧಿಯಲ್ಲಿ ಕಾಣದೇ ಹೋದದ್ದು ಮುಂದೆ ಭಯ ಹುಟ್ಟಿಸಬಹುದು. ಹೆಲ್ಮೆಟ್ ಹಾಕಿದವರು, ಕೊಡೆ ಹಿಡಿದವರು, ಗಡ್ಡದವರು, ಆಟೊ ಸದ್ದು, ಮಿಕ್ಸಿ, ಲಿಫ್ಟು, ಓಡುವ ಮಕ್ಕಳು, ಮಂಗಳಾರತಿಯ ಜಾಗಟೆ, ಎಲ್ಲವೂ ಈ ಪಟ್ಟಿಯಲ್ಲಿವೆ.

ಇನ್ನೊಂದು ಕಡೆ ಪಾರ್ವೊ ಮತ್ತು ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆಗಳು ಮರಿಗಳನ್ನು ಕೊಲ್ಲುವುದೂ ಇದೇ ವಯಸ್ಸಿನಲ್ಲಿ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರನೆಯ ವಾರದವರೆಗೂ ನಡೆಯುತ್ತದೆ. ಅಷ್ಟು ಸಲ ಯಾಕೆ ಎಂದರೆ, ತಾಯಿಯಿಂದ ಬಂದ ರೋಗನಿರೋಧಕ ಶಕ್ತಿಯೇ ಲಸಿಕೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಅದು ಯಾವ ಮರಿಯಲ್ಲಿ ಯಾವಾಗ ಇಳಿಯುತ್ತದೆ ಎಂದು ಹೇಳಲಾಗದು. ಹಾಗಾಗಿ ಬಿಟ್ಟು ಬಿಟ್ಟು ಚುಚ್ಚುತ್ತಾರೆ. ರೇಬೀಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳಿಗೆ.

ಲಸಿಕೆ ಮುಗಿಯಲಿ ಎಂದು ನಾಲ್ಕು ತಿಂಗಳು ಮನೆಯೊಳಗೇ ಇಟ್ಟರೆ ಆ ವಿಶೇಷ ಅವಧಿಯ ಬಾಗಿಲು ಮುಚ್ಚಿಹೋಗಿರುತ್ತದೆ. ದಾರಿ ಇಷ್ಟೇ: ನೆಲಕ್ಕೆ ಬಿಡದೆ ಎತ್ತಿಕೊಂಡು ಹೋಗಿ. ಬಸ್ ಸ್ಟಾಪಿನಲ್ಲಿ ಹತ್ತು ನಿಮಿಷ ಮಡಿಲಲ್ಲಿ ಕೂರಿಸಿಕೊಂಡು ಲೋಕ ತೋರಿಸಿ. ಲಸಿಕೆಯಾದ, ಆರೋಗ್ಯವಾಗಿರುವ ನಾಯಿ ಇರುವ ಪರಿಚಯದವರ ಮನೆಗೆ ಕರೆದೊಯ್ಯಿರಿ. ಬಂದವರೆಲ್ಲ ಮರಿಯನ್ನು ಎತ್ತಿ ಮುದ್ದಾಡಬೇಕಾಗಿಲ್ಲ, ದೂರದಿಂದ ನೋಡಿ ಆರಾಮಾಗಿ ಕೂತರೂ ಅದು ಕಲಿತಂತೆಯೇ.

ಉಚ್ಚೆ ಮತ್ತು ಹಲ್ಲು

ಮರಿಯ ಮೂತ್ರಕೋಶ ಸಣ್ಣದು. ವಯಸ್ಸು ಎಷ್ಟು ತಿಂಗಳೋ ಅಷ್ಟು ಗಂಟೆ ತಡೆದುಕೊಳ್ಳಬಹುದು ಎಂಬುದು ಒಂದು ಅಂದಾಜು ಲೆಕ್ಕ. ನಿದ್ದೆಯಿಂದ ಎದ್ದ ಕೂಡಲೇ, ತಿಂದ ಸ್ವಲ್ಪ ಹೊತ್ತಿಗೆ, ಆಟದ ನಡುವೆ ಹೊರಗೆ ಒಯ್ಯಬೇಕು. ಸರಿಯಾದ ಜಾಗದಲ್ಲಿ ಮಾಡಿದರೆ ಅಲ್ಲೇ, ಆಗಲೇ ಚೂರು ಕೊಡಬೇಕು. ಮನೆಯೊಳಗೆ ಬಂದ ಮೇಲೆ ಕೊಟ್ಟರೆ ಅದು ಒಳಗೆ ಬಂದದ್ದಕ್ಕೆ ಸಿಕ್ಕ ಬಹುಮಾನ ಆಗುತ್ತದೆ.

ಒಳಗೆ ಮಾಡಿದಾಗ ಮೂಗನ್ನು ಅದಕ್ಕೇ ಒತ್ತಿ ಹೊಡೆಯುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದರಿಂದ ನಾಯಿ ಕಲಿಯುವುದು, ನಿಮ್ಮೆದುರು ಉಚ್ಚೆ ಮಾಡಿದರೆ ಅಪಾಯ ಎಂದು. ಆಮೇಲೆ ಹೊರಗೆ ಕರೆದೊಯ್ದಾಗಲೂ ನಿಮ್ಮೆದುರು ಮಾಡದೆ, ವಾಪಸ್ ಬಂದು ಮಂಚದ ಹಿಂದೆ ಮಾಡುತ್ತದೆ. ಫಿನಾಯಿಲ್ ಹಾಕಿ ಒರೆಸಿದರೆ ನಮ್ಮ ಮೂಗಿಗೆ ವಾಸನೆ ಹೋಗುತ್ತದೆ, ನಾಯಿಯ ಮೂಗಿಗೆ ಹೋಗುವುದಿಲ್ಲ. ಮೂತ್ರದ ವಾಸನೆಯನ್ನು ಒಡೆಯುವ ಎಂಜೈಮ್ ಇರುವ ದ್ರಾವಣ ಸಾಕುಪ್ರಾಣಿಗಳ ಅಂಗಡಿಗಳಲ್ಲಿ ಸಿಗುತ್ತದೆ.

ಕಚ್ಚುವುದು ಇನ್ನೊಂದು ಗೋಳು. ಮರಿಗೆ 28 ಹಾಲುಹಲ್ಲು. ನಾಲ್ಕನೆಯ ತಿಂಗಳ ಹೊತ್ತಿಗೆ ಅವು ಬೀಳಲು ಶುರುವಾಗಿ, ಏಳು ತಿಂಗಳ ಒಳಗೆ 42 ಹೊಸ ಹಲ್ಲು ಬರುತ್ತವೆ. ಆ ಅವಧಿಯಲ್ಲಿ ಒಸಡು ತುರಿಸುತ್ತದೆ, ಚಪ್ಪಲಿ, ಕುರ್ಚಿ ಕಾಲು, ಚಾರ್ಜರ್ ವಯರು ಎಲ್ಲ ಆಹಾರವೇ. ಕಚ್ಚಬಾರದ್ದನ್ನು ಮೇಲಿಡಿ, ಕಚ್ಚಬಹುದಾದ್ದನ್ನು ಕೊಡಿ. ಫ್ರಿಜ್‌ನಲ್ಲಿ ತಣ್ಣಗಾದ ಇಡೀ ಗಜ್ಜರಿ ಒಳ್ಳೆಯದು. ಆಟದಲ್ಲಿ ಕೈಗೆ ಹಲ್ಲು ಜೋರಾಗಿ ತಾಗಿದರೆ ಆಟ ಅಲ್ಲಿಗೇ ನಿಲ್ಲಲಿ, ಎದ್ದು ಹೋಗಿ. ಮರಿಗಳು ತಮ್ಮತಮ್ಮಲ್ಲಿ ಕಲಿಯುವುದೂ ಹೀಗೇ. ಅಂದಹಾಗೆ, ಎಂಟು ವಾರ ತುಂಬುವ ಮೊದಲೇ ತಾಯಿಯಿಂದ ಬಿಡಿಸಿ ಮಾರುವವರ ಹತ್ತಿರ ಮರಿ ತರಬೇಡಿ. ಈ ಪಾಠ ಅರ್ಧಕ್ಕೇ ನಿಂತಿರುತ್ತದೆ.

‘ಯಜಮಾನ ಯಾರು ಅಂತ ತೋರಿಸಬೇಕು’

ಈ ಮಾತು ಎಲ್ಲಿಂದ ಬಂತು ನೋಡಿ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳ ಬಗ್ಗೆ ಬರೆದರು. ಬೇರೆ ಬೇರೆ ಕಡೆಯ ತೋಳಗಳನ್ನು ಒಂದು ಕಟ್ಟೆಯೊಳಗೆ ಕೂಡಿಹಾಕಿದಾಗ ಅವು ಜಗಳವಾಡಿ, ಗೆದ್ದದ್ದು ಮೇಲುಗೈ ಪಡೆಯುತ್ತಿತ್ತು. ಅಲ್ಲಿಂದ ‘ಆಲ್ಫಾ’ ಎಂಬ ಕಲ್ಪನೆ ಹೊರಟಿತು. ಅಮೆರಿಕದ ತೋಳ ತಜ್ಞ ಡೇವಿಡ್ ಮೆಕ್ ಅದನ್ನು 1970ರಲ್ಲಿ ಜನಪ್ರಿಯ ಮಾಡಿದರು. ಆಮೇಲೆ ಅವರೇ ಕಾಡಿನ ತೋಳಗಳನ್ನು ವರ್ಷಾನುಗಟ್ಟಲೆ ನೋಡಿ, 1999ರಲ್ಲಿ ಅದು ಸರಿಯಲ್ಲ ಎಂದು ಬರೆದರು. ಕಾಡಿನ ತೋಳದ ಹಿಂಡು ಎಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ ಮತ್ತು ಮಕ್ಕಳು. ಅಲ್ಲಿ ಪಟ್ಟಕ್ಕಾಗಿ ಕುಸ್ತಿ ಇಲ್ಲ.

ತಪ್ಪಾದದ್ದು ತೋಳದ ಬಗ್ಗೆ, ಏಟು ಬಿದ್ದದ್ದು ನಾಯಿಗೆ. ನಾಯಿಯನ್ನು ಅಂಗಾತ ಕೆಡವಿ ಕುತ್ತಿಗೆ ಒತ್ತುವುದು, ಮುಳ್ಳಿನ ಕೊರಳಪಟ್ಟಿ ಹಾಕಿ ಎಳೆಯುವುದು ಎಲ್ಲ ಇದೇ ಹೆಸರಿನಲ್ಲಿ ನಡೆದವು. ನಾಯಿ ಸೋಫಾ ಹತ್ತುವುದು ಸೋಫಾ ಮೆತ್ತಗಿದೆ ಎಂದು. ನಿಮ್ಮ ಕುರ್ಚಿ ಕಸಿಯುವ ಸಂಚು ಅದಕ್ಕಿಲ್ಲ.

ಏಟಿನಿಂದ ಕೆಲವೊಮ್ಮೆ ಆ ಕ್ಷಣಕ್ಕೆ ಕೆಲಸ ಆಗುತ್ತದೆ, ಅದಕ್ಕೇ ಜನ ಬಿಡುವುದಿಲ್ಲ. ಆದರೆ ಏನು ಮಾಡಬಾರದು ಎನ್ನುವುದನ್ನಷ್ಟೇ ಏಟು ಹೇಳುತ್ತದೆ, ಏನು ಮಾಡಬೇಕು ಎಂದು ಹೇಳುವುದಿಲ್ಲ. ಇನ್ನೂ ಅಪಾಯದ್ದು ಒಂದಿದೆ. ಮಗು ಹತ್ತಿರ ಬಂದಾಗ ನಾಯಿ ಗುರ್ ಎಂದಿತು, ನೀವು ಹೊಡೆದಿರಿ. ನಾಯಿ ಗುರ್ ಎನ್ನುವುದನ್ನು ಬಿಟ್ಟಿತು. ಮಗುವಿನ ಬಗ್ಗೆ ಅದಕ್ಕಿದ್ದ ಭಯ ಹೋಯಿತಾ? ಇಲ್ಲ, ಮಗು ಬಂದರೆ ಏಟು ಬೀಳುತ್ತದೆ ಎಂಬ ಹೊಸ ಲೆಕ್ಕವೂ ಸೇರಿತು. ಮುಂದಿನ ಸಲ ಎಚ್ಚರಿಕೆಯೇ ಇಲ್ಲದೆ ಕಚ್ಚುತ್ತದೆ.

ಮನೆಗೆ ಬಂದಾಗ ನಾಯಿ ತಲೆ ತಗ್ಗಿಸಿ, ಕಣ್ಣು ತಪ್ಪಿಸಿ ಕೂತಿದ್ದರೆ ‘ನೋಡಿ, ತಪ್ಪು ಮಾಡಿದ್ದು ಅದಕ್ಕೇ ಗೊತ್ತು’ ಎನ್ನುತ್ತೇವೆ, ಅಲ್ವಾ? ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನು ಪರೀಕ್ಷೆ ಮಾಡಿದರು. ತಿನ್ನಬಾರದ ತಿಂಡಿಯನ್ನು ತಿಂದ ನಾಯಿ, ತಿನ್ನದ ನಾಯಿ ಎರಡೂ ಆ ಮುಖ ಮಾಡುತ್ತಿದ್ದವು. ಮಾಲೀಕರು ಗದರಿದಾಗ ಅದು ಜಾಸ್ತಿಯಾಗುತ್ತಿತ್ತು. ತಪ್ಪೇ ಮಾಡದೆ ಬೈಸಿಕೊಂಡ ನಾಯಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು. ಅದು ತಪ್ಪೊಪ್ಪಿಗೆ ಅಲ್ಲ, ನಿಮ್ಮ ಮುಖ ನೋಡಿ ಹುಟ್ಟಿದ ಅಂಜಿಕೆ.

ನಾಯಿ ಮೈಯಲ್ಲೇ ಹೇಳುತ್ತದೆ

‘ಬೊಗಳೋ ನಾಯಿ ಕಚ್ಚಲ್ಲ’ ಎಂಬ ಗಾದೆಯನ್ನು ನಂಬಿ ಕೈ ಚಾಚಬೇಡಿ. ಬೊಗಳುವ ನಾಯಿಯೂ ಕಚ್ಚುತ್ತದೆ. ಬಾಲ ಅಲ್ಲಾಡಿಸುವ ನಾಯಿಯೂ ಕಚ್ಚಬಹುದು. ಬಾಲ ಅಲ್ಲಾಡುವುದು ಮನಸ್ಸು ಕೆರಳಿದೆ ಎಂದಷ್ಟೇ ಹೇಳುತ್ತದೆ. ಮೈ ಸಡಿಲವಾಗಿ ಸೊಂಟವೂ ಬಳುಕುತ್ತಿದ್ದರೆ ಸ್ನೇಹ. ಮೈ ಸೆಟೆದು ಬಾಲ ಮಾತ್ರ ಎತ್ತರದಲ್ಲಿ ಅದುರುತ್ತಿದ್ದರೆ ದೂರವಿರಿ.

ಕಚ್ಚುವ ಮೊದಲು ನಾಯಿ ಸಾಮಾನ್ಯವಾಗಿ ಸಾಕಷ್ಟು ಹೇಳಿರುತ್ತದೆ. ಹಸಿವಿಲ್ಲದೆ ತುಟಿ ನೆಕ್ಕುತ್ತದೆ, ನಿದ್ದೆಯಿಲ್ಲದೆ ಆಕಳಿಸುತ್ತದೆ, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ತೋರಿಸುತ್ತದೆ, ಕಲ್ಲಿನಂತೆ ನಿಂತುಬಿಡುತ್ತದೆ. ಪುಟ್ಟ ಮಗು ನಾಯಿಯ ಕುತ್ತಿಗೆ ತಬ್ಬಿಕೊಂಡ ಫೋಟೊಗಳಲ್ಲಿ ಒಮ್ಮೆ ನಾಯಿಯ ಮುಖವನ್ನಷ್ಟೇ ನೋಡಿ. ನಮಗೆ ಮುದ್ದು, ನಾಯಿಗೆ ಹಲವು ಸಲ ಉಸಿರುಕಟ್ಟು.

ಯಾವುದೇ ನಾಯಿ ಕಚ್ಚಿದರೂ, ಸಾಕಿದ್ದಾದರೂ, ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದಪುಡಿ ಬೇಡ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಚಿಕಿತ್ಸೆ ಇಲ್ಲ ಎನ್ನಬಹುದು, ಅದಕ್ಕೂ ಮೊದಲು ಲಸಿಕೆ ಹಾಕಿಸಿದರೆ ತಡೆಯಬಹುದು.

ಹರೆಯ

ಆರು ತಿಂಗಳವರೆಗೆ ಹೇಳಿದ್ದೆಲ್ಲ ಕೇಳುತ್ತಿದ್ದ ನಾಯಿ ಎಂಟನೆಯ ತಿಂಗಳಿಗೆ ಕಿವಿ ಕೇಳದವರಂತೆ ಆಡುತ್ತದೆ. 2020ರಲ್ಲಿ ಬ್ರಿಟನ್ನಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಲೂಸಿ ಆಶರ್ ಮತ್ತು ಸಂಗಡಿಗರು ಇದನ್ನು ಅಳೆದರು. ಎಂಟು ತಿಂಗಳ ನಾಯಿಗಳು ಐದು ತಿಂಗಳಲ್ಲಿದ್ದದ್ದಕ್ಕಿಂತ ಕಡಿಮೆ ಮಾತು ಕೇಳಿದವು. ತಮಾಷೆ ಎಂದರೆ, ಸಾಕಿದವರ ಮಾತನ್ನು ಮಾತ್ರ! ಅಪರಿಚಿತರು ‘ಸಿಟ್’ ಎಂದರೆ ಕೂರುತ್ತಿದ್ದವು. ಹದಿಹರೆಯದ ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷ ತುಂಬಿದ ಮೇಲೆ ನಾಯಿಗಳು ಮತ್ತೆ ಸರಿದಾರಿಗೆ ಬಂದವು.

ನಾಯಿಯನ್ನು ಕೈಬಿಡುವ ಮಾತು ಹೆಚ್ಚಾಗಿ ಏಳುವುದೂ ಈ ವಯಸ್ಸಿನಲ್ಲೇ. ಮರಿಯ ಮುದ್ದು ಹೋಗಿರುತ್ತದೆ, ದೊಡ್ಡ ನಾಯಿಯ ಬುದ್ಧಿ ಬಂದಿರುವುದಿಲ್ಲ, ಬಲ ಮಾತ್ರ ಬಂದಿರುತ್ತದೆ. ಈ ಕಾಲದಲ್ಲಿ ಲೀಶ್ ಬಿಚ್ಚದೆ, ಮೊದಲಿನ ಪಾಠಗಳನ್ನೇ ಸುಲಭ ಮಾಡಿ ಮತ್ತೆ ಹೇಳಿಕೊಟ್ಟರೆ ಸಾಕು.

ಯಾವ ನಾಯಿ, ಯಾವ ಮನೆಗೆ

ತಳಿ ಎಂದರೆ ಬಣ್ಣ, ಕೂದಲು ಅಷ್ಟೇ ಅಲ್ಲ, ನೂರಾರು ವರ್ಷ ಒಂದು ಕೆಲಸಕ್ಕೆಂದು ಆರಿಸಿ ಬೆಳೆಸಿದ ಸ್ವಭಾವ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನೇ ನೋಡಿ. ಉದ್ದ ಕಾಲು, ತೆಳು ಸೊಂಟ, ದೂರದ ಚಲನೆ ಹಿಡಿಯುವ ಕಣ್ಣು. ಮೊಲದ ಬೇಟೆಗೆ ಬೆಳೆದ ಜಾತಿ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಉಳಿಸಿ ಬೆಳೆಸಿದರು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಸೇನೆಯೂ ಮೀರತ್ತಿನ ತನ್ನ ಕೇಂದ್ರಕ್ಕೆ ಈ ನಾಯಿಗಳನ್ನು ತರಬೇತಿಗೆ ಒಯ್ದಿತು. ಹೆಮ್ಮೆ ಪಡೋಣ, ಆದರೆ ಎರಡು ಕೋಣೆಯ ಫ್ಲಾಟಿಗೆ ತರುವ ಮೊದಲು ಯೋಚಿಸೋಣ. ಬೆಕ್ಕು ಓಡಿದ್ದು ಕಂಡರೆ ಇದು ಓಡಿದ ಮೇಲೆ ಯೋಚಿಸುವ ನಾಯಿ. ‘ಬಾ’ ಎಂದು ಕೂಗುವಷ್ಟರಲ್ಲಿ ಓಣಿ ದಾಟಿರುತ್ತದೆ.

ಹಿಮದ ನಾಡಿನ ಹಸ್ಕಿ ನಾಯಿಯನ್ನು ಕಲಬುರಗಿಯ ಬೇಸಿಗೆಯಲ್ಲಿ ಸಾಕುವುದು ನನಗೆ ಅರ್ಥವಾಗದ ಆಸೆ. ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರಿಲ್ಲ, ತೇಕುವುದೇ ಅದರ ಫ್ಯಾನು. ಪಗ್‌ನಂಥ ಚಪ್ಪಟೆ ಮೂಗಿನವಕ್ಕೆ ತೇಕುವುದೂ ಕಷ್ಟ.

ಬೀದಿಯ ‘ಇಂಡಿ’ ನಾಯಿಗಳು ಈ ಹವೆಗೆ ಹುಟ್ಟಿದವು. ಇವಕ್ಕೆ ತರಬೇತಿ ಹತ್ತುವುದಿಲ್ಲ ಎಂಬ ಮಾತು ಸುಳ್ಳು. ಕೋಲ್ಕತ್ತದ ಐಸರ್ ಎಂಬ ವಿಜ್ಞಾನ ಸಂಸ್ಥೆಯ ಅನಿಂದಿತಾ ಭದ್ರ ಅವರ ತಂಡ ಬೀದಿನಾಯಿಗಳ ಮುಂದೆ ಎರಡು ಬಟ್ಟಲಿಟ್ಟು ಒಂದರ ಕಡೆ ಬೆರಳು ತೋರಿಸಿತು. ಸುಮಾರು ಅರ್ಧ ನಾಯಿಗಳು ಹೆದರಿ ಹತ್ತಿರವೇ ಬರಲಿಲ್ಲ. ಬಂದವುಗಳಲ್ಲಿ ಶೇ. 80ರಷ್ಟು ಬೆರಳು ತೋರಿಸಿದ ಬಟ್ಟಲಿಗೇ ಹೋದವು. ಯಾರೂ ಕಲಿಸದೇ ಮನುಷ್ಯರ ಸನ್ನೆ ಅವಕ್ಕೆ ತಿಳಿಯುತ್ತದೆ. ಬೇಕಾದದ್ದು ಬುದ್ಧಿಗಿಂತ ಹೆಚ್ಚಾಗಿ ನಂಬಿಕೆ. ಅದಕ್ಕೆ ತಿಂಗಳುಗಳು ಹಿಡಿಯಬಹುದು.

ಒಂಟಿತನ ಮತ್ತು ಪಟಾಕಿ

ಎಲ್ಲರೂ ಆಫೀಸಿಗೆ ಹೋದ ಮೇಲೆ ನಾಯಿ ಗಂಟೆಗಟ್ಟಲೆ ಊಳಿಡುತ್ತದೆ, ಬಾಗಿಲು ಕೆರೆಯುತ್ತದೆ. ಇದು ಸೇಡಲ್ಲ, ಗಾಬರಿ. ಒಂಟಿಯಾಗಿರುವುದೂ ಕಲಿಯಬೇಕಾದ ಪಾಠ. ಮೊದಲು ಬಾಗಿಲ ಆಚೆ ಹೋಗಿ ಕೆಲವು ಸೆಕೆಂಡಿನಲ್ಲಿ ವಾಪಸ್ ಬನ್ನಿ. ನಾಯಿ ಗಾಬರಿಯಾಗದಿದ್ದರೆ ನಿಮಿಷ, ಆಮೇಲೆ ಹತ್ತು ನಿಮಿಷ. ಅಳತೆ ಗಡಿಯಾರದ್ದಲ್ಲ, ನಾಯಿಯದ್ದು. ಹೊರಡುವ ಮೊದಲು ಒಳ್ಳೆ ನಡಿಗೆ, ಮೂಸಲು ಸಾಕಷ್ಟು ಬಿಡುವು. ಎಳೆದುಕೊಂಡು ಓಡುವ ನಡಿಗೆಗಿಂತ ಗಿಡಗಿಡ ಮೂಸುವ ನಡಿಗೆ ನಾಯಿಯನ್ನು ಹೆಚ್ಚು ತಣಿಸುತ್ತದೆ.

ದೀಪಾವಳಿಗೂ ಇದೇ ಸೂತ್ರ. ನಮ್ಮ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿದರೆ ನಾಯಿಯದ್ದು 45,000ದವರೆಗೆ. ಹಬ್ಬಕ್ಕೆ ತಿಂಗಳು ಮೊದಲೇ ಫೋನಿನಲ್ಲಿ ಪಟಾಕಿ ಸದ್ದನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ, ಪ್ರತಿ ಸದ್ದಿನ ಬೆನ್ನಿಗೆ ಇಷ್ಟದ ತಿಂಡಿ ಕೊಡಿ. ನಿಧಾನಕ್ಕೆ ಸದ್ದು ಏರಿಸಿ. ಪಾವ್ಲೊವ್ ಕಂಡ ಜೋಡಣೆಯನ್ನೇ ನಮ್ಮ ಅನುಕೂಲಕ್ಕೆ ತಿರುಗಿಸಿಕೊಂಡಂತೆ. ಹಬ್ಬದ ರಾತ್ರಿ ನಾಯಿ ನಡುಗಿ ಮಡಿಲಿಗೆ ಬಂದರೆ ಸಂತೈಸಿ. ಸಂತೈಸಿದರೆ ಭಯ ಜಾಸ್ತಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ತೀರಾ ಹೆದರುವ ನಾಯಿಗೆ ವೈದ್ಯರು ಔಷಧಿ ಕೊಡುತ್ತಾರೆ, ಹಬ್ಬದ ಹಿಂದಿನ ದಿನ ಅಲ್ಲ, ವಾರಗಳ ಮೊದಲೇ ಕೇಳಿ.

ಹಬ್ಬದ ಅಡುಗೆಯ ಬಗ್ಗೆ ಒಂದು ಎಚ್ಚರ: ಪಾಯಸದ ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ.

ಕಾನೂನು, ನೆರೆಹೊರೆ

ಅಪಾರ್ಟ್‌ಮೆಂಟ್ ಸಂಘ ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. 2024ರ ಮಾರ್ಚ್‌ನಲ್ಲಿ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳಿಗೆ ಕೇಂದ್ರ ಸರ್ಕಾರ ಸುತ್ತೋಲೆಯಲ್ಲಿ ತಡೆ ಹಾಕಿತ್ತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ಹಾಗೆಂದು ಹೊಣೆ ತಪ್ಪುವುದಿಲ್ಲ. ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಇನ್ನು ರಸ್ತೆಯಲ್ಲಿ ನಾಯಿ ಮಾಡಿದ್ದನ್ನು ಎತ್ತಲು ಕಾನೂನು ಬೇಕಾಗಿಲ್ಲ, ಒಂದು ಹಳೇ ಪೇಪರ್ ಸಾಕು.

ಇಷ್ಟೆಲ್ಲ ಯಾಕೆ ಮಾಡಬೇಕು?

ಜಪಾನಿನ ವಿಜ್ಞಾನಿಗಳು 2015ರಲ್ಲಿ ನಾಯಿ ಮತ್ತು ಸಾಕಿದವರು ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಏನಾಗುತ್ತದೆ ಎಂದು ನೋಡಿದರು. ಹೆಚ್ಚು ಹೊತ್ತು ನೋಡಿದ ಜೋಡಿಗಳಲ್ಲಿ ಇಬ್ಬರಲ್ಲೂ ಆಕ್ಸಿಟೋಸಿನ್ ಏರಿತು. ತಾಯಿ ಮತ್ತು ಕೂಸಿನ ನಂಟಿನಲ್ಲಿ ಕೆಲಸ ಮಾಡುವ ಹಾರ್ಮೋನು ಅದು. ಮನುಷ್ಯರೇ ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ.

ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಇನ್ನೂ ಸೊಗಸಾದ ಕೆಲಸ ನಡೆಯಿತು. 13 ನಾಯಿಗಳಿಗೆ ಎಂಆರ್‌ಐ ಯಂತ್ರದೊಳಗೆ ಅಲ್ಲಾಡದೆ ಮಲಗಲು ಕಲಿಸಿದರು. ಕಟ್ಟಿಹಾಕಲಿಲ್ಲ, ಮದ್ದು ಕೊಡಲಿಲ್ಲ, ಬೇಕೆಂದಾಗ ಎದ್ದು ಹೋಗಬಹುದಿತ್ತು. ಹೊಗಳುವ ಮಾತನ್ನು ಹೊಗಳುವ ದನಿಯಲ್ಲೇ ಹೇಳಿದಾಗ ಮಾತ್ರ ಅವುಗಳ ಮೆದುಳಿನ ಖುಷಿಯ ಭಾಗ ಬೆಳಗಿತು. ಬರೀ ಮಾತಿಗೆ ಇಲ್ಲ, ಬರೀ ದನಿಗೂ ಇಲ್ಲ. ಆ ಗದ್ದಲದ ಯಂತ್ರದಲ್ಲಿ ನಾಯಿ ತಾನಾಗಿ ಮಲಗುವಷ್ಟು ದೂರ ತಾಳ್ಮೆಯ ತರಬೇತಿ ಒಯ್ಯಬಲ್ಲದು ಎಂಬುದೇ ನನಗೆ ಆ ಪ್ರಯೋಗದ ದೊಡ್ಡ ಸುದ್ದಿ.

ಟ್ರೇನರ್ ಬೇಕೆನಿಸಿದರೆ

ನಮ್ಮಲ್ಲಿ ಟ್ರೇನರ್ ಎಂದು ಬೋರ್ಡ್ ಹಾಕಲು ಸರ್ಕಾರದ ಪರವಾನಗಿ ಬೇಕಿಲ್ಲ, ಹಾಗಾಗಿ ಕೇಳಿ ತಿಳಿದುಕೊಳ್ಳುವುದು ನಿಮ್ಮ ಕೆಲಸ. ಮೂರು ಪ್ರಶ್ನೆ ಕೇಳಿ. ನಾಯಿ ಸರಿಯಾಗಿ ಮಾಡಿದರೆ ಏನು ಕೊಡುತ್ತೀರಿ? ತಪ್ಪು ಮಾಡಿದರೆ ಏನು ಮಾಡುತ್ತೀರಿ? ಮನೆಯವರು ಪಕ್ಕದಲ್ಲಿ ನಿಂತು ನೋಡಬಹುದಾ? ಎರಡನೆಯದಕ್ಕೆ ಕುತ್ತಿಗೆ ಬಿಗಿಯುವ ಚೋಕ್ ಚೈನ್, ಕರೆಂಟ್ ಹೊಡೆಸುವ ಶಾಕ್ ಕಾಲರ್, ‘ಸ್ವಲ್ಪ ಹೆದರಿಸಬೇಕು ಸಾರ್’ ಎಂಬ ಉತ್ತರ ಬಂದರೆ ಬೇರೆಯವರನ್ನು ಹುಡುಕಿ.

‘ತಿಂಗಳು ನಮ್ಮ ಹತ್ತಿರ ಬಿಡಿ, ಪೂರ್ತಿ ರೆಡಿ ಮಾಡಿ ಕೊಡ್ತೀವಿ’ ಎನ್ನುವವರೂ ಇದ್ದಾರೆ. ಅಲ್ಲಿ ಕಲಿತದ್ದು ಆ ಜಾಗಕ್ಕೆ, ಆ ಮನುಷ್ಯನಿಗೆ ಅಂಟಿರುತ್ತದೆ. ವಾಪಸ್ ಬಂದ ನಾಯಿಗೆ ಅಜ್ಜಿಯ ದೋಸೆಯೂ ನೆನಪಿರುತ್ತದೆ, ನಿಮ್ಮ ‘ಸಿಟ್ ಸಿಟ್ ಸಿಟ್’ ಕೂಡ. ಅದೇ ದುಡ್ಡಿಗೆ ವಾರಕ್ಕೊಮ್ಮೆ ಮನೆಗೇ ಬಂದು, ನಾಯಿಯ ಜೊತೆ ನಿಮಗೂ ಅಭ್ಯಾಸ ಮಾಡಿಸುವವರು ಸಿಕ್ಕರೆ ಅವರನ್ನೇ ಕರೆಸಿ.